ಸ್ನಾನಕ್ಕೂ ಹೋಗದ ಮೈಲಿಗೆ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ನಂದಾದೀಪ ಹೌಸಿಂಗ್ ಸೊಸೈಟಿಯ ಬಾವಿಯಿಂದ ಸುಶೀಲಾಬಾಯಿ ಐವತ್ತೆರಡು ವರ್ಷ ಕುಡಿಯುವ ನೀರು ಸೇದಿದರು. ಜ್ವರ ಬಂದರೂ ಸರಿ, ಜುಲೈ ತಿಂಗಳ ಮಳೆ ಕಂಪೌಂಡಿನಲ್ಲಿ ಮೊಣಕಾಲುದ್ದ ನಿಂತರೂ ಸರಿ. ಬೆಳಗಿನ ಐದೂವರೆಗೆ ಸ್ನಾನ ಮುಗಿಸಿ, ಯಾರ ಕೈಯೂ ತಾಗದಂತೆ ಎತ್ತರದ ಹಗ್ಗದ ಮೇಲೆ ಕೋಲಿನಿಂದ ಹರವಿ ಒಣಗಿಸಿದ ಮಡಿಸೀರೆ ಉಟ್ಟು, ತಾಮ್ರದ ಕೊಡ ಹಿಡಿದು ಮೊದಲ ಮಹಡಿಯಿಂದ ಇಳಿದು ಬರುತ್ತಿದ್ದರು. ಆ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಗೋಡೆಗೆ ಅಂಟಿಕೊಂಡು ದಾರಿ ಬಿಡಬೇಕು. ಹಾಲಿನವನಿಂದ ಹಿಡಿದು ಸೊಸೈಟಿಯ ಸೆಕ್ರೆಟರಿಯವರೆಗೆ ಎಲ್ಲರಿಗೂ ಈ ಕಾನೂನು ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಈ ಕಟ್ಟಡಕ್ಕೆ ಬಂದ ಎರಡನೆಯ ದಿನವೇ, ಲೋಕಲ್ ರೈಲು ತಪ್ಪುತ್ತದೆಂದು ಓಡುತ್ತ ಇಳಿಯುವಾಗ ನನ್ನ ಬ್ಯಾಗು ಅವರ ಸೆರಗಿಗೆ ತಾಗಿತು. ಅವರು ಬೈಯಲಿಲ್ಲ. ತುಂಬಿದ ಕೊಡವನ್ನು ನನ್ನ ಕಣ್ಣೆದುರೇ ಮೋರಿಗೆ ಬಗ್ಗಿಸಿ, ಮತ್ತೊಮ್ಮೆ ಸ್ನಾನ ಮಾಡಲು ಮೇಲೆ ಹೋದರು. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿ ಹೇಳಿ ಹಗುರಾಗುತ್ತಿದ್ದೆ. ಠಾಣೆಯಲ್ಲಿ ರೈಲು ಬದಲಾಯಿಸಿ ಬೇಲಾಪುರದ ಕಚೇರಿ ಮುಟ್ಟುವವರೆಗೂ ನನ್ನ ಮೈ ಉರಿಯುತ್ತಲೇ ಇತ್ತು.

ನನ್ನ ಹೆಸರು ಸತ್ಯಭಾಮಾ. ಉಡುಪಿ ಕಡೆಯವಳು. ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾಗಿದ್ದೇನೆ. ನನ್ನ ನಾಲಿಗೆ ಹರಿತ ಎಂದು ಕಚೇರಿಯವರೂ ಹೇಳುತ್ತಿದ್ದರು, ತೀರಿಹೋದ ನನ್ನ ಯಜಮಾನರೂ ಹೇಳುತ್ತಿದ್ದರು. ಅಂಥವಳು ಆ ಮಡಿ ಹೆಂಗಸಿನ ಸ್ನೇಹಕ್ಕೆ ಹೇಗೆ ಬಿದ್ದೆ ಎಂದರೆ, ನಮ್ಮ ಯಜಮಾನರು ಹದಿನೇಳು ದಿನ ಆಸ್ಪತ್ರೆಯಲ್ಲಿದ್ದಾಗ ದಿನವೂ ಎರಡು ಹೊತ್ತು ಮೆತ್ತಗಿನ ಅನ್ನ, ತಿಳಿಸಾರು ಮತ್ತು ಒಂದು ತಂಬಿಗೆ ಬಾವಿಯ ನೀರು ನನ್ನ ಬಾಗಿಲಿಗೆ ಬಂದಿತ್ತು. ಕೊಟ್ಟು ಹೋಗುತ್ತಿದ್ದ ಸುಶೀಲಾಬಾಯಿ ಮಾತಾಡುತ್ತಿರಲಿಲ್ಲ, ಪಾತ್ರೆ ವಾಪಸು ಕೇಳುತ್ತಿರಲಿಲ್ಲ. ಆಮೇಲೆ ಇಪ್ಪತ್ತೆರಡು ವರ್ಷ ನಾನು ಅವರ ಅಡುಗೆಮನೆಯ ಹೊಸಿಲಾಚೆ ಕೂತು ಸಂಜೆಯ ಚಹಾ ಕುಡಿದೆ. ಕಾಫಿ ಬಿಟ್ಟು ಬೇರೇನೂ ಗೊತ್ತಿಲ್ಲದ ನಮಗೆ ಆ ಕುದಿಸಿ ಕುದಿಸಿ ಕಪ್ಪಾದ ಚಹಾ ಶಿಕ್ಷೆಯೇ. ಮಾತಿನ ಆಸೆಗೆ ಕುಡಿದೆ.

ಅವರು ಕಲಬುರಗಿ ಕಡೆಯವರು. ಹತ್ತೊಂಬತ್ತಕ್ಕೆ ಮದುವೆಯಾಗಿ ಇಲ್ಲಿಗೆ ಬಂದಾಗ ಈ ಜಾಗದಲ್ಲಿ ಸಾಲುಮನೆಗಳ ಚಾಳಿತ್ತಂತೆ, ಚಾಳಿನ ನಡುವೆ ಬಾವಿ. ಗಂಡ ಅಂಬಾರಾಯರು ಎಮ್‌ಐಡಿಸಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಳದೊಳಗೆ ಚರ್ಮದ ವಾಶರ್ ಇರುತ್ತದೆ, ಆ ನೀರು ಮಡಿಗೆ ಬರುವುದಿಲ್ಲ ಎಂದು ತವರಿನಲ್ಲಿ ಕಲಿತು ಬಂದಿದ್ದರು. ಈಗಿನದು ರಬ್ಬರಿನ ವಾಶರ್ ಎಂದು ಗಂಡ ಒಂದನ್ನು ಬಿಚ್ಚಿ ತಂದು ಅಂಗೈಯ ಮೇಲಿಟ್ಟು ತೋರಿಸಿದರು. “ವಾಶರ್ ರಬ್ಬರಿಂದ ಇರಲಿ, ಪೈಪ್ ಯಾವ ಯಾವ ಗಟಾರದಾಗಿಂದ ಹಾದು ಬಂದದೋ ಅದನ್ನೂ ಬಿಚ್ಚಿ ತರ್ತೀರೇನು?” ಎಂದು ಇವರು ಕೇಳಿದರು. ಅಲ್ಲಿಗೆ ಆ ಮಾತು ಮುಗಿಯಿತು. ಅಂಬಾರಾಯರು ಕಾರ್ಖಾನೆಗೂ ಬಾವಿಯ ನೀರನ್ನೇ ತಿರುಪು ಮುಚ್ಚಳದ ಹಿತ್ತಾಳೆಯ ಫಿರ್ಕಿ ತಂಬಿಗೆಯಲ್ಲಿ ಒಯ್ಯುತ್ತಿದ್ದರು. ಆರು ವರ್ಷದ ಹಿಂದೆ ಮೂತ್ರಪಿಂಡದ ಕ್ಯಾನ್ಸರಿನಲ್ಲಿ ತೀರಿಕೊಂಡರು.

ಚಾಳು ಹೋಗಿ ಮೂರು ಮಹಡಿಯ ಸೊಸೈಟಿ ಆಯಿತು. ಬಾವಿ ಮಾತ್ರ ಉಳಿಯಿತು. ಅದರ ನೀರನ್ನು ಉಳಿದವರು ಗಿಡಕ್ಕೆ, ಸಂಡಾಸಿಗೆ, ಗಾಡಿ ತೊಳೆಯಲು ಬಳಸುತ್ತಿದ್ದರು. ಕುಡಿಯುತ್ತಿದ್ದವರು ಇವರ ಮನೆಯವರು. ಆದರೆ ಕೊಡುವುದೆಂದರೆ ಸುಶೀಲಾಬಾಯಿಗೆ ಹುಚ್ಚು. ಯಾರಿಗಾದರೂ ಜ್ವರವೇ, ಒಂದು ತಂಬಿಗೆ. ಏಕಾದಶಿ ಪಾರಣೆಯೇ, ಒಂದು ತಂಬಿಗೆ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಹುಟ್ಟಿದ ಒಬ್ಬನೇ ಮಗ ಸ್ವಪ್ನಿಲ್ ಠಾಣೆಯ ಘೋಡಬಂದರ್ ರಸ್ತೆಯಲ್ಲಿ ಇಪ್ಪತ್ತಮೂರನೆಯ ಮಹಡಿಯ ಮನೆ ಮಾಡಿ ಕರೆದಾಗಲೂ ಅಲ್ಲಿ ಬಾವಿಯಿಲ್ಲವೆಂದು ಹೋಗಲಿಲ್ಲ. ಅದರ ಬದಲು ನೀರನ್ನೇ ಕಳಿಸಿದರು. ಮೂರು ವರ್ಷಗಳಿಂದ ಪ್ರತಿ ಶನಿವಾರ ಮಗ ಬಂದು ಹತ್ತು ಲೀಟರಿನ ಸ್ಟೀಲ್ ಕ್ಯಾನು ಕಾರಿನಲ್ಲಿಟ್ಟುಕೊಂಡು ಹೋಗುತ್ತಿದ್ದ. ಸೊಸೆ ಮಯೂರಿ ಠಾಣೆ ಪಕ್ಕದ ಕಳವಾ ಊರಿನಲ್ಲಿ ಹುಟ್ಟಿ ಬೆಳೆದ ಕನ್ನಡದವರ ಹುಡುಗಿ. ನಮ್ಮ ಮಾತು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮರಾಠಿಯಲ್ಲಿ ಬರುತ್ತದೆ. ಆಕೆ ಬಸುರಿಯಾದ ಮೇಲೆ ಕ್ಯಾನು ಎರಡಾಯಿತು.

ಇನ್ನು ಸಂಜನಾ. ನನ್ನ ತಮ್ಮನ ಮಗಳು, ನವಿ ಮುಂಬೈಯ ಕಾಲೇಜೊಂದರಲ್ಲಿ ನೀರಿನ ಮೇಲೆ ಸಂಶೋಧನೆ ಮಾಡುತ್ತಾಳೆ. ಕಾರ್ಖಾನೆಗಳ ಸುತ್ತಲಿನ ಬಾವಿಗಳ ನೀರು ಬೇಕೆಂದು ದೀಪಾವಳಿಯ ನಂತರ ಒಂದು ಬೆಳಿಗ್ಗೆ ಬಂದಳು. ಕೈಗೆ ಗ್ಲವ್ಸು, ಬಾಟಲಿಗೆ ಎರಡು ಚೀಲದ ಹೊದಿಕೆ. ನಿನ್ನೆಯಿಂದ ಮುಖಕ್ಕೆ ಕ್ರೀಮು ಹಚ್ಚಿಲ್ಲ, ನೀರು ಹಿಡಿಯದ ಜಾಕೀಟು ಹಾಕಿಲ್ಲ, ಅವುಗಳಲ್ಲಿರುವುದು ಇದಕ್ಕೆ ಬೆರೆತರೆ ಪರೀಕ್ಷೆ ಕೆಡುತ್ತದೆ ಎಂದಳು. ಬಾಟಲಿಯ ಬಾಯಿಗೆ ಯಾರೂ ಉಸಿರೂ ತಾಗಿಸಬೇಡಿ ಎಂದು ನನ್ನನ್ನೇ ದೂರ ನಿಲ್ಲಿಸಿದಳು.

ಸುಶೀಲಾಬಾಯಿ ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡಿದರು. “ಸತ್ಯಭಾಮಾಬಾಯಿ, ನಿಮ್ಮ ಮನ್ಯಾಗೂ ಮಡಿ ಗೊತ್ತಿದ್ದವರು ಒಬ್ಬರು ಅದಾರ ಅಂತ ಇವತ್ತ ತಿಳೀತು ನೋಡ್ರಿ” ಎಂದರು. ಆ ಹುಡುಗಿಗೆ ಹುಗ್ಗಿ ಮಾಡಿ ತಿನ್ನಿಸಿ ಕಳಿಸಿದರು.

ಎರಡು ತಿಂಗಳ ಮೇಲೆ ಸಂಜನಾಳ ಫೋನು ಬಂತು. “ಅತ್ತೆ, ಆ ಬಾವಿ ನೀರು ಕುಡೀಬೇಡಿ. ಅವರಿಗೂ ಹೇಳಿ. ಇವತ್ತೇ.” ಏನು ಸಿಕ್ಕಿತೆಂದು ಕೇಳಿದರೆ ನಾಲ್ಕೈದು ಉದ್ದುದ್ದ ಹೆಸರು ಹೇಳಿದಳು. ಒಂದೂ ನನ್ನ ಬಾಯಲ್ಲಿ ನಿಲ್ಲಲಿಲ್ಲ. ಅವೆಲ್ಲ ಒಂದೇ ಬಳಗವಂತೆ. ಅಂಟದ ಬಾಣಲೆ, ನೆನೆಯದ ಬಟ್ಟೆ, ಬೆಂಕಿ ಆರಿಸುವ ನೊರೆ ಇವನ್ನೆಲ್ಲ ಮಾಡಲು ಮನುಷ್ಯ ತಯಾರಿಸಿದ್ದು. ಮಣ್ಣಿನಲ್ಲಿ ಕೊಳೆಯುವುದಿಲ್ಲ, ನೀರಿನಲ್ಲಿ ಒಡೆಯುವುದಿಲ್ಲ, ಮೈಯೊಳಗೆ ಹೋದರೆ ವರ್ಷಗಟ್ಟಲೆ ರಕ್ತದಲ್ಲಿ ಕೂತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿದವರಿಗೆಲ್ಲ ರೋಗ ಬರುತ್ತದೆಂದಲ್ಲ. ಆದರೆ ಬಹಳ ಕಾಲ ಕುಡಿದರೆ ಥೈರಾಯ್ಡು, ಕೊಲೆಸ್ಟರಾಲು, ಮೂತ್ರಪಿಂಡದ ಕ್ಯಾನ್ಸರು ಇವುಗಳ ಅಪಾಯ ಹೆಚ್ಚುತ್ತದೆ. ಬಸುರಿಯರಲ್ಲಿ ರಕ್ತದೊತ್ತಡ ಏರಬಹುದು, ಮಗುವಿನ ತೂಕ ಕಡಿಮೆಯಾಗಬಹುದು, ಮುಂದೆ ಆ ಮಗುವಿಗೆ ಹಾಕಿಸಿದ ಲಸಿಕೆಯೂ ಸರಿಯಾಗಿ ಹಿಡಿಯದೆ ಹೋಗಬಹುದು. ಯಾವ ಕಾರ್ಖಾನೆಯಿಂದ ಬಂತೆಂದು ಹೇಳಲಾಗದು, ನಮ್ಮಲ್ಲಿ ಇದಕ್ಕೆ ಇಂತಿಷ್ಟೇ ಎಂಬ ಮಿತಿಯನ್ನೂ ಇನ್ನೂ ಕಟ್ಟಿಲ್ಲ ಎಂದಳು.

ಬಸುರಿ ಎಂಬ ಮಾತನ್ನು ಅವಳಿಂದ ಎರಡು ಸಲ ಹೇಳಿಸಿದೆ. ಮಯೂರಿಗೆ ಆಗ ಏಳು ತಿಂಗಳು.

ಇವತ್ತೇ ಹೇಳಿ ಎಂದಿದ್ದಳು. ನಾನು ನಾಲ್ಕು ದಿನ ಹೇಳಲಿಲ್ಲ. ಈಗಲೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಊರಿಗೆಲ್ಲ ಬಾಯಿ ಮಾಡುವವಳು, ಆ ನಾಲ್ಕೂ ಸಂಜೆ ಅವರ ಹೊಸಿಲಲ್ಲಿ ಕೂತು, ಹೊಟ್ಟೆ ಸರಿಯಿಲ್ಲ, ಚಹಾ ಬೇಡ ಎಂದು, ಮಯೂರಿಯ ಸೀಮಂತದ ಕುಬಸಕ್ಕೆ ಹಸಿರು ಇಳಕಲ್ ಸೀರೆ ಚೆಂದವೋ ಕೆಂಪು ಚೆಂದವೋ ಎಂದು ಮಾತಾಡಿ ಎದ್ದು ಬಂದೆ. ಐದನೆಯ ದಿನ ಶುಕ್ರವಾರ. ನಾಳೆ ಸ್ವಪ್ನಿಲ್ ಬರುತ್ತಾನೆಂದು ಅವರು ಎರಡೂ ಕ್ಯಾನು ತಿಕ್ಕಿ ಬೋರಲು ಹಾಕಿದ್ದರು. ಅವನ್ನು ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

“ಸುಶೀಲಾಬಾಯಿ, ನಾಳೆ ನೀರು ಕಳಿಸ್ಬೇಡಿ” ಎಂದೆ. “ಸಂಜನಾ ಫೋನ್ ಮಾಡಿದ್ಳು. ಬಾವಿ ನೀರಲ್ಲಿ ವಿಷ ಉಂಟಂತೆ.”

ಅವರು ಕೂಗಾಡುತ್ತಾರೆಂದು ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಒಲೆ ಆರಿಸಿ ಎದುರಿಗೆ ಬಂದು ಕೂತರು.

“ಎಂಥಾ ವಿಷ? ಹುಳ ಬಿದ್ದಾವೇನು?”

“ಹುಳ ಅಲ್ಲ. ಕೆಮಿಕಲ್. ಫ್ಯಾಕ್ಟರಿದು.”

“ಕುದಿಸಿದ್ರ ಹೋಗ್ತದಿಲ್ಲೋ?”

“ಇಲ್ಲ. ಕುದಿಸಿದ್ರೆ ನೀರು ಆವಿಯಾಗಿ ಹೋಗ್ತದೆ, ಅದು ಅಡಿಯಲ್ಲೇ ಉಳೀತದೆ. ಮತ್ತೂ ಗಟ್ಟಿ ಆಗ್ತದೆ.”

ಅವರು ಚಹಾದ ಪಾತ್ರೆಯತ್ತ ಒಮ್ಮೆ ನೋಡಿದರು. “ಬಟ್ಟೀಲೆ ಸೋಸಿದ್ರ? ತಾಮ್ರದ ಕೊಡದಾಗ ಎರಡು ದಿನ ಇಟ್ರ? ತುಳಸಿ ಹಾಕಿದ್ರ?”

ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದೆ. ನನ್ನ ಮನೆಯಲ್ಲಿರುವಂಥ ಆರ್‌ಓ ಮಿಷಿನ್ನಿನಿಂದ ನೀರಿನಲ್ಲಿರುವುದು ಬಹುಮಟ್ಟಿಗೆ ಹೋಗುತ್ತದೆ, ಆದರೆ ಮೈಯೊಳಗೆ ಸೇರಿದ್ದನ್ನು ತೆಗೆಯಲು ಯಾವ ಮಿಷಿನ್ನೂ ಇಲ್ಲ ಎಂದು ಸಂಜನಾ ಹೇಳಿದ್ದನ್ನು ಹೇಳಿದೆ.

“ಹಂಗಾದ್ರ ಎಷ್ಟು ದಿನಕ್ಕ ಹೋಗ್ತದ ಅದು, ತಾನಾಗೇ?”

“ನೆಲದಿಂದ, ನೀರಿಂದ ಹೋಗುದೇ ಇಲ್ಲಂತೆ.”

ಅವರು ಬೆರಳು ಮಡಿಚುತ್ತ ಮಾತಾಡಿದರು. “ಮಗು ಹುಟ್ಟಿದ್ರ ಹತ್ತು ದಿನ. ಸತ್ರ ಹತ್ತು ದಿನ. ದೂರದ ಬಳಗಕ್ಕ ಮೂರು ದಿನ, ಇನ್ನೂ ದೂರದವರಿಗೆ ಬರೇ ತಲೀಮ್ಯಾಲ ಸ್ನಾನ. ಗ್ರಹಣಕ್ಕ ಬಿಡೂ ತನಕ. ಎಂಥಾ ಮೈಲಿಗಿಗೂ ಒಂದು ಗಡುವು ಇಟ್ಟಾರ್ರಿ ಹಿರಿಯರು. ಗಡುವs ಇಲ್ಲದ ಮೈಲಿಗಿ ನಾ ಕೇಳಿಲ್ಲ.” ಅವರು ಎದ್ದು, ಸಂಜೆ ಹೊತ್ತೇ ತಾಮ್ರದ ಕೊಡದ ನೀರನ್ನು ಬಚ್ಚಲಿಗೆ ಚೆಲ್ಲಿ, ಖಾಲಿ ಕೊಡ ಹಿಡಿದು ನನ್ನ ಮನೆಗೆ ಬಂದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮನೆಯ ಒಂದು ಹನಿ ನೀರನ್ನೂ ಬಾಯಿಗೆ ಹಾಕದ ಹೆಂಗಸು, ಆ ಪ್ಲಾಸ್ಟಿಕ್ ಮಿಷಿನ್ನಿನ ಕೆಳಗೆ ಕೊಡ ಹಿಡಿದು ನಿಂತರು. ಅದರಿಂದ ನೀರು ಸಣ್ಣಗೆ ಬರುತ್ತದೆ. ಕೊಡ ತುಂಬಲು ಮುಕ್ಕಾಲು ತಾಸು ಬೇಕಾಯಿತು. ನನಗೆ ಅಳು ಬಂತು, ಅವರಿಗೆ ಬರಲಿಲ್ಲ.

ಮರುದಿನ ಸ್ವಪ್ನಿಲ್ ಬರಬೇಕಿತ್ತು. ಅವನನ್ನು ಕಂಪನಿಯವರು ಒಂದು ವಾರಕ್ಕೆ ಹೈದರಾಬಾದಿಗೆ ಕಳಿಸಿದ್ದರು. ಫೋನಿನಲ್ಲಿ ಹೇಳಿಬಿಡಿ ಎಂದೆ. “ಇಂಥಾದ್ದು ಫೋನಿನಾಗ ಹೇಳಂಗಿಲ್ಲ” ಎಂದರು. ಅವರ ಲೆಕ್ಕದಲ್ಲಿ ಇದು ಸೂತಕದ ಸುದ್ದಿ. ಮನೆಯಲ್ಲಿ ಸೂತಕವಾದರೆ ಬಳಗದವರಿಗೆಲ್ಲ ತಿಳಿಸಬೇಕು. ತಿಳಿಸದಿದ್ದರೆ ಅವರು ಗೊತ್ತಿಲ್ಲದೆ ಮೈಲಿಗೆಯಲ್ಲೇ ಉಂಡು ಪೂಜೆ ಮಾಡುತ್ತಾರೆ, ಆ ದೋಷ ತಿಳಿಸದವರಿಗೆ ಬರುತ್ತದೆ. ಸುದ್ದಿ ಮುಟ್ಟಿದ ಮೇಲೆ ಏನು ಮಾಡಬೇಕೋ ಅದು ಕೇಳಿದವರಿಗೆ ಬಿಟ್ಟದ್ದು. ತನ್ನ ಕೈಯಿಂದ ಈ ನೀರು ಯಾರ ಯಾರ ಹೊಟ್ಟೆಗೆ ಹೋಗಿದೆಯೋ ಅವರಿಗೆಲ್ಲ ಮನೆ ಬಾಗಿಲಿಗೆ ಹೋಗಿ ಹೇಳುವುದೆಂದು ಅವರು ನಿಶ್ಚಯ ಮಾಡಿದರು. ಮೊದಲು ಸೊಸೈಟಿಯವರು, ಆಮೇಲೆ ಮಯೂರಿ. ಅಷ್ಟರಲ್ಲಿ ಧೈರ್ಯ ಕೂಡುತ್ತದೆಂದು ಅವರ ಯೋಚನೆ ಎಂದು ನನಗೆ ಗೊತ್ತಾಯಿತು.

ನಾವಿಬ್ಬರೂ ಹೊರಟ ಸುದ್ದಿ ನಮ್ಮ ಸೆಕ್ರೆಟರಿ ಪುಂಡರೀಕಾಕ್ಷರಿಗೆ ಮುಟ್ಟಿತು. ಸ್ಟೇಷನ್ ಬಳಿ ಹೋಟೆಲು ಇಟ್ಟಿರುವ ನಮ್ಮ ಕಡೆಯವರೇ. ಇಬ್ಬರನ್ನೂ ಮೆಟ್ಟಿಲಲ್ಲೇ ಅಡ್ಡಗಟ್ಟಿದರು.

“ಎಂತ ಮಾರಾಯ್ರೆ ಇದು? ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗ್ಲಿಕ್ಕುಂಟು. ನೀವು ಮನೆ ಮನೆಗೆ ಹೋಗಿ ವಿಷ ವಿಷ ಹೇಳಿದ್ರೆ ಬಿಲ್ಡರ್ ಬರ್ತಾನಾ? ಬಾವಿಗೊಂದು ಮುಚ್ಚಳ ಹಾಕಿಸ್ತೇನೆ, ಅಲ್ಲಿಗೆ ಬಿಡಿ. ಆದದ್ದು ಆಯ್ತು.”

ನನಗೆ ರೇಗಿತು. “ನಿಮ್ಮ ತಾಯಿಗೆ ಡೆಂಗಿ ಆದಾಗ ಹತ್ತು ದಿನ ಇದೇ ನೀರು ಕೊಂಡುಹೋದವರು ಯಾರು?” ಎಂದು ಶುರುಮಾಡುವಷ್ಟರಲ್ಲಿ ಸುಶೀಲಾಬಾಯಿ ಕೈ ಎತ್ತಿದರು.

“ಮುಚ್ಚಳ ಹಾಕಸ್ರಿ, ಭಾಳ ಛಲೋ ಆತು. ಆದ್ರ ಕೊಟ್ಟಾಕಿ ನಾನು. ಕೊಡೂಮುಂದ ನಿಮ್ಮನ್ನ ಕೇಳಿ ಕೊಟ್ಟಿಲ್ಲ, ಹೇಳೂಮುಂದೂ ಕೇಳಂಗಿಲ್ಲ” ಎಂದರು. ಪುಂಡರೀಕಾಕ್ಷರು ಅಭ್ಯಾಸಬಲದಿಂದ ಗೋಡೆಗೆ ಸರಿದು ದಾರಿ ಬಿಟ್ಟರು.

ಮೂರು ದಿನ ಓಡಾಡಿದೆವು. ಕೆಳಮಹಡಿಯ ಸಾಬವ್ವ, ಬಾಣಂತನದಲ್ಲಿ ತಿಂಗಳಿಡೀ ಈ ನೀರು ಕುಡಿದವಳು, ಹೆದರಿ ಅತ್ತಳು; ಸಂಜನಾಳ ನಂಬರು ಕೊಟ್ಟು ಡಾಕ್ಟರಿಗೆ ಏನು ಕೇಳಬೇಕೆಂದು ಬರೆದುಕೊಟ್ಟೆ. ಕೆಲವರು ನಕ್ಕರು. ಈ ಊರಲ್ಲಿ ಗಾಳಿಯೇ ಹೀಗಿರುವಾಗ ನೀರಿನದೇನು ದೊಡ್ಡ ಮಾತು ಎಂದರು. ಒಬ್ಬರು ಬಾಗಿಲಲ್ಲೇ ನಿಲ್ಲಿಸಿ, ಯಾಕೆ ಕೊಟ್ಟಿರಿ ಎಂದು ಜೋರು ಮಾಡಿದರು. ಆ ಮನೆಯಲ್ಲೂ ಸುಶೀಲಾಬಾಯಿ ತಲೆ ತಗ್ಗಿಸಲಿಲ್ಲ, ಸಮಜಾಯಿಷಿಯನ್ನೂ ಹೇಳಲಿಲ್ಲ. “ತಿಳೀದ ಕೊಟ್ಟೆ. ತಿಳಿದ ಮ್ಯಾಲ ಹೇಳಾಕ ಬಂದೀನಿ” ಎಂಬ ಎರಡೇ ಮಾತು ಎಲ್ಲ ಕಡೆ.

ನಾಲ್ಕನೆಯ ದಿನ ಠಾಣೆಗೆ ಹೊರಟೆವು. ಘೋಡಬಂದರ್ ರಸ್ತೆಯ ಬಸ್ಸಿನಲ್ಲಿ ಅವರು ಮೊದಲ ಬಾರಿ ಅಂಜಿದರು. “ಹುಡುಗೀಗೆ ಏನಂತ ಹೇಳಲ್ರಿ? ನಿನ್ನ ಕೂಸಿಗೆ ನಾನs ಕೈಯಾರೆ ಕುಡಿಸೀನಿ ಅಂತ ಹೇಳಲೇನು?” ನಾನು ಏನೋ ಸಮಾಧಾನ ಹೇಳಿದೆ. ಅದು ನನ್ನ ಕಿವಿಗೇ ಟೊಳ್ಳಾಗಿ ಕೇಳಿತು.

ಮಯೂರಿ ಹೊಟ್ಟೆ ಹೊತ್ತು ನಿಧಾನ ಬಂದು ಬಾಗಿಲು ತೆರೆದಳು. ಅತ್ತೆ ಹೀಗೆ ಹೇಳದೆ ಬಂದವರಲ್ಲ, ಗಾಬರಿಯಾದಳು. ಸುಶೀಲಾಬಾಯಿ ನೀರು ಬೇಡ, ಚಹಾ ಬೇಡ ಎಂದು, ಸೋಫಾದ ತುದಿಯಲ್ಲಿ ಕೂತು, ಒಂದೂ ಮಾತು ಬಿಡದೆ ಎಲ್ಲ ಹೇಳಿದರು. ಮೂತ್ರಪಿಂಡದ್ದನ್ನೂ ಹೇಳಿದರು, ಮಗುವಿನ ತೂಕದ್ದನ್ನೂ ಹೇಳಿದರು. ಕೊನೆಗೆ, “ನನ್ನ ಮ್ಯಾಲ ಸಿಟ್ಟಾಗು, ಬೈಯಿ, ಆದ್ರ ನಾಳೆನs ಡಾಕ್ಟರ ಕಡೆ ಹೋಗು” ಎಂದರು.

ಮಯೂರಿ ಕೆಂಪಾದಳು. ಏನೋ ಹೇಳಹೋಗಿ ನನ್ನ ಮುಖ ನೋಡಿದಳು.

“ಆಯಿ, ರಾಗಾವೂ ನಕಾ,” ಸಿಟ್ಟಾಗಬೇಡಿ, ಎಂದು ಮೊದಲು ಮರಾಠಿಯಲ್ಲೇ ತೊಡಗಿ, ಆಮೇಲೆ ಎಂದೂ ಇಲ್ಲದ್ದು ಮುರುಕು ಕನ್ನಡಕ್ಕೆ ಇಳಿದಳು. “ಆ ಪಾಣಿ... ಆ ನೀರು ನಾವು ಕುಡದೇ ಇಲ್ಲ. ಸ್ವಪ್ನಿಲ್ ಮೊದಲಿಂದ ಬ್ಯಾಲ್ಕನೀ ಗಿಡಕ್ಕ ಹಾಕ್ತಾರ. ನಿಮಗ ಬೇಜಾರ ಆಗ್ತದ ಅಂತ ಹೇಳಿಲ್ಲ.”

“ಒಂದು ಗುಟುಕೂ?”

“ಒಂದೂ ಇಲ್ಲ, ಆಯಿ. ಸಾರೀ.”

ಮೂರು ವರ್ಷ ಹೊತ್ತು ಹೊತ್ತು ಕಳಿಸಿದ ನೀರು. ಹದಿನೈದು ದಿನದ ಹಿಂದೆ ಈ ಮಾತು ಕಿವಿಗೆ ಬಿದ್ದಿದ್ದರೆ ಅವರು ಮಗನ ಮನೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಈಗ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಕಳ್ಳರು, ಇಬ್ಬರೂ ಕಳ್ಳರು,” ಎಂದರು. “ಛಲೋ ಮಾಡಿದ್ರಿ. ಭಾಳ ಛಲೋ ಮಾಡಿದ್ರಿ.” ತಾವೇ ನೀರು ಕೇಳಿ, ಮಯೂರಿಯ ಕೈಯಿಂದ ಇಸಕೊಂಡು ಕುಡಿದರು. ನಾನಂತೂ ಆ ಹುಡುಗಿಯನ್ನು ಅಪ್ಪಿಕೊಂಡುಬಿಟ್ಟೆ.

ವಾಪಸು ಬರುವಾಗ ಠಾಣೆಯಿಂದ ಸ್ಲೋ ಲೋಕಲ್ ಹಿಡಿದೆವು. ಮಧ್ಯಾಹ್ನದ ಹೊತ್ತು, ಹೆಂಗಸರ ಡಬ್ಬಿಯಲ್ಲಿ ಕೂರಲು ಜಾಗವಿತ್ತು. ನನ್ನ ಎದೆಯ ಮೇಲಿನ ಕಲ್ಲು ಇಳಿದಿತ್ತು. ಕುಬಸಕ್ಕೆ ಯಾರನ್ನೆಲ್ಲ ಕರೆಯಬೇಕೆಂದು ಒಂದೇ ಸಮನೆ ಮಾತಾಡುತ್ತಿದ್ದೆ. ಅವರು ಹ್ಞೂಂ ಎನ್ನುತ್ತಿದ್ದರು. ಕಳವಾ ದಾಟಿದ ಮೇಲೆ ಅದೂ ನಿಂತಿತು.

“ಸ್ವಪ್ನಿಲ್ ಸಣ್ಣಾಂವ ಇದ್ದಾಗೂ ಹಿಂಗs,” ಎಂದರು. “ಸಾಲ್ಯಾಗ ನಳದ ನೀರು ಕುಡುದು, ನಾ ಕೊಟ್ಟ ಬಾಟ್ಲಿ ಹಂಗs ತರ್ತಿದ್ದ. ನಾ ಎಷ್ಟು ಬಡದೀನಿ ಅವನ್ನ. ನನ್ನ ಮಾತು ಕೇಳದವರೆಲ್ಲ ಉಳಕೊಂಡ್ರು ನೋಡ್ರಿ.”

“ಹೌದಲ್ಲ, ಪುಣ್ಯ” ಎಂದೆ, ಏನೂ ಯೋಚಿಸದೆ.

“ಅವರು ನನ್ನ ಮಾತು ಕೇಳಿದ್ರು” ಎಂದರು.

ಅಂಬಾರಾಯರ ಮಾತು ಬಂದರೆ ಹೇಳಬೇಕೆಂದು ನಾನು ಸಂಜನಾಳಿಂದ ಒಂದು ಉತ್ತರ ಕಲಿತಿಟ್ಟುಕೊಂಡಿದ್ದೆ. ಅದನ್ನೇ ಗಡಿಬಿಡಿಯಲ್ಲಿ ಒಪ್ಪಿಸಿದೆ. ಒಬ್ಬ ಮನುಷ್ಯನ ಕಾಯಿಲೆ ಇದರಿಂದಲೇ ಬಂತೆಂದು ಯಾರೂ ಹೇಳಲಾರರು, ಅವರು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇದ್ದವರು, ಅದಕ್ಕೆ ಸಾವಿರ ಕಾರಣ ಇರಬಹುದು ಎಂದೆ.

“ಗೊತ್ತದ್ರಿ. ನಿಮ್ಮ ಹುಡುಗೀಗೆ ನಾನೂ ಫೋನ್ ಮಾಡಿದ್ದೆ. ಇದರಿಂದs ಅಂತ ಹೇಳಾಕ ಬರಂಗಿಲ್ಲ ಅಂದಳು. ಇದರಿಂದ ಅಲ್ಲ ಅಂತ ಹೇಳಾಕ ಬರ್ತದೇನು ಅಂತ ಕೇಳಿದೆ. ಅದೂ ಬರಂಗಿಲ್ಲ ಅಂದಳು.”

ಮುಂಬ್ರಾದಲ್ಲಿ ನಿಂತ ಗಾಡಿ ಮತ್ತೆ ಹೊರಟಿತು. ಅವರು ಕಿಟಕಿಯ ಕಡೆಗೇ ಮುಖ ಮಾಡಿದ್ದರು.

“ಎಲ್ಲಾರಿಗೂ ಸುದ್ದಿ ಮುಟ್ಟಿಸಿದೆ, ಸತ್ಯಭಾಮಾಬಾಯಿ. ಮೊದಲ ಹೇಳಬೇಕಾಗಿದ್ದು ಅವರಿಗೆ. ಅವರಿಗೆ ಹ್ಯಾಂಗ ಮುಟ್ಟಿಸಲಿ?”